ಜುಟ್ಟಿನ ಮಲ್ಲಿಗೆ

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂಬುದು ನಮ್ಮ ನಾಡಿನ ಹಳೆಯ ಗಾದೆಗಳಲ್ಲೊಂದು. ಕೈಯಲ್ಲಿರುವ ನಾಲ್ಕು ಕಾಸನ್ನು ಉಣ್ಣುವುದಕ್ಕೆ ಬಳಸದೆ ಮೆರೆಯುವುದಕ್ಕೆ ಚೆಲ್ಲುವವರನ್ನು ಕಂಡಾಗ ಹಿರಿಯರು ಈ ಮಾತನ್ನು ಆಡುತ್ತಾರೆ. ಭಾರತವು ಬಾನಿನತ್ತ ರಾಕೆಟ್ಟುಗಳನ್ನು ಹಾರಿಸಲು ಆರಂಭಿಸಿದಂದಿನಿಂದ ಈ ಗಾದೆಯೂ ಅವುಗಳ ಬೆನ್ನು ಹತ್ತಿಯೇ ಬಂದಿದೆ. ಎಷ್ಟೋ ಶಾಲೆಗಳಿಗೆ ಸರಿಯಾದ ಕಟ್ಟಡವಿಲ್ಲದ, ಎಷ್ಟೋ ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲದ ದೇಶವೊಂದು ಚಂದ್ರನನ್ನೂ ಮಂಗಳನನ್ನೂ ಮುಟ್ಟಹೊರಡುವುದು ವಿವೇಕವೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರನ್ನು ವಿಜ್ಞಾನದ ವಿರೋಧಿಗಳೆಂದು ಜರೆದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಜರೆಯುವುದು ಉತ್ತರ ಕೊಟ್ಟಂತಾಗುವುದಿಲ್ಲ.

ಈ ಪ್ರಶ್ನೆಯನ್ನು ಅತ್ಯಂತ ಹರಿತವಾದ ರೂಪದಲ್ಲಿ ನಾನು ಕೇಳಿದ್ದು ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅಂದು 2023ರ ಆಗಸ್ಟ್ 23. ಚಂದ್ರಯಾನ-3ರ ನೌಕೆ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದ ಮೇಲೆ ಇಳಿಯುವುದನ್ನು ನೋಡಲು ಊರಿನ ಹುಡುಗರೆಲ್ಲ ಅಂಗಡಿಯೊಂದರ ದೂರದರ್ಶನದ ಮುಂದೆ ನೆರೆದಿದ್ದರು. ನೌಕೆ ಸುಖವಾಗಿ ಇಳಿಯಿತೆಂಬ ಸುದ್ದಿ ಬಂದೊಡನೆ ಚಪ್ಪಾಳೆ, ಕೇಕೆ ಮುಗಿಲು ಮುಟ್ಟಿದವು. ಕಂಕುಳಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು, “ಅಲ್ಲಿ ಏನೈತೆ ಅಂತ ಹೋದರಪ್ಪಾ?” ಎಂದು ಕೇಳಿದರು. “ಅಲ್ಲಿ ನೀರು ಐತಂತೆ ಅಜ್ಜೀ, ಅದನ್ನ ಹುಡುಕೋಕೆ” ಎಂದ ಒಬ್ಬ ಹುಡುಗ. “ಅಷ್ಟು ದೂರ ಹೋಗಿ ನೀರು ಹುಡುಕ್ತಾರಾ? ನಮ್ಮ ಬೋರಿನಾಗಿದ್ದ ನೀರು ಎಲ್ಲಿ ಹೋಯ್ತು ಅಂತ ಒಂದಿಷ್ಟು ಹುಡುಕಬಾರದಾ?” ಎಂದರು ಅಜ್ಜಿ. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಅಜ್ಜಿ ನಗಲಿಲ್ಲ. ಅವರು ವಿನೋದಕ್ಕಾಗಿ ಕೇಳಿದ ಪ್ರಶ್ನೆ ಅದಾಗಿರಲಿಲ್ಲ.

ಇಂತಹ ಪ್ರಶ್ನೆ ಬಡ ದೇಶಗಳಲ್ಲಿ ಮಾತ್ರ ಏಳುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಜಗತ್ತಿನ ಅತ್ಯಂತ ಸಿರಿವಂತ ದೇಶದಲ್ಲಿಯೂ, ಅದರ ಅತ್ಯಂತ ವೈಭವದ ಗಳಿಗೆಯಲ್ಲಿಯೂ ಇದು ಎದ್ದಿತ್ತು. 1969ರ ಜುಲೈ 15ರಂದು, ಅಂದರೆ ಮೂವರು ಗಗನಯಾತ್ರಿಗಳನ್ನು ಹೊತ್ತ ಅಪೊಲೊ-11 ಚಂದ್ರನತ್ತ ಹೊರಡಬೇಕಾಗಿದ್ದುದರ ಹಿಂದಿನ ದಿನ, ಅಮೆರಿಕದ ಫ್ಲಾರಿಡಾ ತೀರದಲ್ಲಿ ಒಂದು ವಿಚಿತ್ರ ಮೆರವಣಿಗೆ ಕಾಣಿಸಿಕೊಂಡಿತು. ಹೇಸರಗತ್ತೆಗಳನ್ನು ಹೂಡಿದ ಮರದ ಗಾಡಿ, ಅದರೊಂದಿಗೆ ನಡೆದು ಬರುತ್ತಿದ್ದ ಬಡ ಕುಟುಂಬಗಳು, ಮುಂದೆ ರೆವರೆಂಡ್ ರಾಲ್ಫ್ ಅಬರ್ನಥಿ. ಹಿಂದಿನ ವರ್ಷವಷ್ಟೇ ಕೊಲೆಯಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರ ಆಪ್ತ ಸಂಗಾತಿ ಈತ. ತನ್ನದೇ ಮಕ್ಕಳಲ್ಲಿ ಕೆಲವರು ಹಸಿದಿರುವಾಗ ದೇಶವೊಂದು ಇಷ್ಟು ಹಣವನ್ನು ಚಂದ್ರನಿಗಾಗಿ ಸುರಿಯುವುದು ಸರಿಯೇ ಎಂಬುದು ಆತನ ಪ್ರಶ್ನೆಯಾಗಿತ್ತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಕಚೇರಿಯಲ್ಲಿ ಕುಳಿತು ಹೇಳಿಕೆ ಹೊರಡಿಸಲಿಲ್ಲ. ಬಯಲಿಗೆ ಬಂದು, ಜಿನುಗುವ ಮಳೆಯಲ್ಲಿ ನಿಂತು ಅವರೊಡನೆ ಮಾತನಾಡಿದರು. ನಾಳೆ ಗುಂಡಿ ಒತ್ತದೆ ಇರುವುದರಿಂದ ಬಡತನ ನೀಗುವುದಾದರೆ ತಾವು ಆ ಗುಂಡಿಯನ್ನು ಒತ್ತುವುದೇ ಇಲ್ಲ ಎಂದರು. ನಿಮ್ಮ ಗಾಡಿಯನ್ನು ನಮ್ಮ ರಾಕೆಟ್ಟಿಗೆ ಕಟ್ಟಿರಿ, ಇಷ್ಟನ್ನು ಸಾಧಿಸಬಲ್ಲ ದೇಶ ಅಷ್ಟನ್ನೂ ಸಾಧಿಸಬಲ್ಲದೆಂದು ಜನರನ್ನು ಒತ್ತಾಯಿಸಿರಿ ಎಂದರು. ಅಬರ್ನಥಿಯವರು ಗಗನಯಾತ್ರಿಗಳ ಕ್ಷೇಮಕ್ಕಾಗಿ ಪ್ರಾರ್ಥಿಸಲು ಒಪ್ಪಿದರು. ಬಂದಿದ್ದ ಕುಟುಂಬಗಳಲ್ಲಿ ಕೆಲವರಿಗೆ ಮರುದಿನದ ಉಡಾವಣೆಯನ್ನು ನೋಡಲು ಸ್ಥಳವೂ ದೊರೆಯಿತು.

ಪೇನ್ ಅವರ ಮಾತಿನಲ್ಲಿ ಸತ್ಯವಿದೆ. ಒಂದು ಕಡೆ ಉಳಿದ ಹಣ ತಾನಾಗಿಯೇ ಹರಿದು ಬಡವನ ತಟ್ಟೆಗೆ ಬೀಳುವುದಿಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರವೆಂದು ನನಗೆ ತೋರುತ್ತದೆ. ಗಾಡಿಯನ್ನು ರಾಕೆಟ್ಟಿಗೆ ಕಟ್ಟಿ ಎಂದು ಬಡವರಿಗೆ ಹೇಳಿದರೆ ಸಾಲದು. ರಾಕೆಟ್ಟು ಕಟ್ಟುವವರೇ ಗಾಡಿಯ ಕಡೆಗೆ ಹಗ್ಗವನ್ನು ಎಸೆಯಬೇಕು. ಆ ಹಗ್ಗ ಇದೆಯೇ ಇಲ್ಲವೇ ಎಂಬುದನ್ನು ನೋಡಿಯೇ ಒಂದು ದೇಶದ ಬಾಹ್ಯಾಕಾಶದ ವೆಚ್ಚ ಸಾರ್ಥಕವೋ ಅಲ್ಲವೋ ಎಂದು ಹೇಳಬೇಕಾಗುತ್ತದೆ.

ಮೊದಲು ಲೆಕ್ಕವನ್ನು ನೋಡಿಬಿಡೋಣ. ಅಪೊಲೊ ಯೋಜನೆ ಭರದಿಂದ ಸಾಗಿದ್ದ 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಖರ್ಚು ಮಾಡುತ್ತಿದ್ದ ಪ್ರತಿ ನೂರು ಡಾಲರುಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಡಾಲರುಗಳು ನಾಸಾಕ್ಕೆ ಹೋಗುತ್ತಿದ್ದವು. ನಮ್ಮ ಕೇಂದ್ರ ಸರ್ಕಾರ 2024-25ರ ಆಯವ್ಯಯದಲ್ಲಿ ಬಾಹ್ಯಾಕಾಶ ಇಲಾಖೆಗೆ ತೆಗೆದಿರಿಸಿದ್ದು ಸುಮಾರು 13,000 ಕೋಟಿ ರೂಪಾಯಿ. ಒಟ್ಟು ಆಯವ್ಯಯ 48 ಲಕ್ಷ ಕೋಟಿಗೂ ಹೆಚ್ಚು. ಅಂದರೆ ನೂರು ರೂಪಾಯಿಗೆ ಇಪ್ಪತ್ತೇಳು ಪೈಸೆ. ತಲೆಗೆ ಹಂಚಿದರೆ ಒಬ್ಬೊಬ್ಬ ಪ್ರಜೆಯ ಪಾಲಿಗೆ ವರ್ಷಕ್ಕೆ ನೂರು ರೂಪಾಯಿಗೂ ಕಡಿಮೆ. ಚಂದ್ರಯಾನ-3ಕ್ಕೆ ತಗುಲಿದ ವೆಚ್ಚ ಸುಮಾರು 615 ಕೋಟಿ ರೂಪಾಯಿ. ಇದನ್ನು ಯಾವುದೋ ಸಿನಿಮಾದ ಖರ್ಚಿನೊಂದಿಗೆ ಹೋಲಿಸಿ ಹೆಮ್ಮೆಪಡುವುದು ಒಂದು ವಾಡಿಕೆಯಾಗಿದೆ. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಅಗ್ಗವಾದುದೆಲ್ಲ ಸಾರ್ಥಕವಲ್ಲ. ಬೇಡದ ವಸ್ತುವನ್ನು ಅಗ್ಗಕ್ಕೆ ಕೊಂಡರೂ ಅದು ದುಂದುವೆಚ್ಚವೇ.

ಅಷ್ಟಕ್ಕೂ ನಮ್ಮ ಬಾಹ್ಯಾಕಾಶದ ಖರ್ಚಿನ ಮೊದಲ ಕಂತು ರೂಪಾಯಿಗಳಲ್ಲಿ ಸಂದದ್ದಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಕೇರಳದ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯ ಸಮೀಪದಲ್ಲಿ ಹಾದುಹೋಗುತ್ತದೆ. ಮೇಲಣ ವಾಯುಮಂಡಲವನ್ನು ಅಭ್ಯಸಿಸಲು ಅಂತಹ ಸ್ಥಳ ಬೇಕಾಗಿತ್ತು. ಅಲ್ಲಿ ಮೇರಿ ಮಗ್ದಲೇನಳ ಹೆಸರಿನ ಒಂದು ಇಗರ್ಜಿಯೂ, ಅದರ ಸುತ್ತ ಬಲೆ ನೇಯ್ದು ಬದುಕುವ ಜನರ ಮನೆಗಳೂ ಇದ್ದವು. ಡಾ. ವಿಕ್ರಮ್ ಸಾರಾಭಾಯಿಯವರು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ಸ್ಥಳವನ್ನು ಕೇಳಿದರು. ಬಿಷಪ್ಪರು ಒಪ್ಪಿದರು, ಊರಿನ ಜನ ತಮ್ಮ ಮನೆಗಳನ್ನು ಬಿಟ್ಟು ಬೇರೆಡೆಗೆ ಹೋದರು. ಇಗರ್ಜಿ ವಿಜ್ಞಾನಿಗಳ ಕಚೇರಿಯಾಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸುವ ದೃಶ್ಯ ಅಲ್ಲಿನದೇ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಮೇಲೆದ್ದಿತು. ಆ ರಾಕೆಟ್ಟಿನ ಹೆಸರನ್ನು ನಾವು ನೆನಪಿಡುತ್ತೇವೆ. ಮನೆ ಬಿಟ್ಟುಕೊಟ್ಟ ಮೀನುಗಾರರ ಹೆಸರುಗಳು ಯಾವ ಪುಸ್ತಕದಲ್ಲಿವೆ?

ಬಡ ದೇಶಕ್ಕೆ ಇದೆಲ್ಲ ಏಕೆ ಎಂದು ಸಾರಾಭಾಯಿಯವರನ್ನೂ ಜನ ಕೇಳಿದರು. ಚಂದ್ರನನ್ನೋ ಗ್ರಹಗಳನ್ನೋ ಮುಟ್ಟುವುದರಲ್ಲಿ, ಮನುಷ್ಯರನ್ನು ಹಾರಿಸುವುದರಲ್ಲಿ ಸಿರಿವಂತ ದೇಶಗಳೊಂದಿಗೆ ಸ್ಪರ್ಧಿಸುವ ಭ್ರಮೆ ನಮಗಿಲ್ಲ. ಆದರೆ ಮುಂದುವರಿದ ತಂತ್ರಜ್ಞಾನವನ್ನು ಮನುಷ್ಯನ, ಸಮಾಜದ ನಿಜವಾದ ಸಮಸ್ಯೆಗಳಿಗೆ ಅನ್ವಯಿಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಎಂಬುದು ಅವರ ಉತ್ತರದ ಸಾರ. ಅವರು 1971ರಲ್ಲಿ ತೀರಿಕೊಂಡರು. ಅವರು ಭ್ರಮೆ ಎಂದುದನ್ನೇ ಅವರ ದೇಶ ಮುಂದೆ ಒಂದೊಂದಾಗಿ ಕೈಗೆತ್ತಿಕೊಂಡಿತು. ಚಂದ್ರನ ಮೇಲೆ ಇಳಿದ ನೌಕೆಗೆ ‘ವಿಕ್ರಮ್’ ಎಂದು ಅವರದೇ ಹೆಸರನ್ನು ಇಟ್ಟಿತು. ಅವರಿದ್ದಿದ್ದರೆ ಏನೆನ್ನುತ್ತಿದ್ದರು ಎಂದು ಊಹಿಸುವುದು ಕಷ್ಟ.

ನಮ್ಮ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ, ಸಾಮಾನ್ಯ ಕಾರ್ಖಾನೆಗಳಿಗೆಂದು ಕಟ್ಟಿದ್ದ ಶೆಡ್ಡುಗಳಲ್ಲಿ, ಉಡುಪಿಯ ಬಳಿಯ ಅದಮಾರಿನ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ‘ಆರ್ಯಭಟ’ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟೊಂದು ಅದನ್ನು ಮೇಲೊಯ್ದಿತು. ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳಿಗೆ ವಿದ್ಯುತ್ತು ನಿಂತುಹೋಯಿತು. ಲಾಭನಷ್ಟವನ್ನು ಅಂದೇ ಬರೆದಿಟ್ಟಿದ್ದರೆ ಅದು ನಷ್ಟದ ಬಾಬ್ತು. ಆದರೆ ಉಪಗ್ರಹವನ್ನು ಕಟ್ಟಬಲ್ಲ ನೂರಾರು ಕೈಗಳು ಆ ಶೆಡ್ಡುಗಳಲ್ಲಿ ಪಳಗಿದವು. ಆರು ವರ್ಷಗಳ ಬಳಿಕ ಅದೇ ಜನ ನಿರ್ಮಿಸಿದ ‘ಆಪಲ್’ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿರಿಸಿದ ಚಿತ್ರವನ್ನು ನೀವು ನೋಡಿರಬಹುದು. ಅದನ್ನು ಬಡತನದ ಗುರುತೆಂದು ಹಲವರು ತಿಳಿದಿದ್ದಾರೆ. ಸಂಗತಿ ಹಾಗಲ್ಲ. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾಗಿತ್ತು. ಲೋಹದ ವಾಹನದ ಮೇಲಿಟ್ಟರೆ ಅಳತೆ ಕೆಡುತ್ತಿತ್ತು. ಆದ್ದರಿಂದ ಮರದ ಗಾಡಿ. ನಮ್ಮ ರೈತನ ಗಾಡಿ ವಿಜ್ಞಾನಕ್ಕೆ ಒದಗಿದ ಪ್ರಸಂಗ ಅದು.

ವಿಜ್ಞಾನ ರೈತನಿಗೆ ಒದಗಿತೇ? ಆರ್ಯಭಟ ಹಾರಿದ ವರ್ಷವೇ, ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ನೇರವಾಗಿ ತಲುಪಿಸಲಾಯಿತು. ನಮ್ಮ ರಾಜ್ಯದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಪಟ್ಟಣಗಳಲ್ಲಿ ದೂರದರ್ಶನ ಬಹುಮಟ್ಟಿಗೆ ಕಾಣದಿದ್ದ ಕಾಲದಲ್ಲಿ, ರಸ್ತೆಯೂ ಸರಿಯಿಲ್ಲದ ಹಳ್ಳಿಯ ಜನ ತಂತಿ ಬಲೆಯ ಛತ್ರಿಯೊಂದರ ಕೆಳಗೆ ಕುಳಿತು ಬೇಸಾಯದ, ಆರೋಗ್ಯದ ವಿಷಯಗಳನ್ನು ತಮ್ಮ ನುಡಿಯಲ್ಲಿ ಕೇಳಿದರು, ನೋಡಿದರು. ವರ್ಷ ತುಂಬಿದೊಡನೆ ಉಪಗ್ರಹದ ಒಡೆಯರು ಅದನ್ನು ಹಿಂದಕ್ಕೆ ಪಡೆದರು. ಎರವಿನ ಒಡವೆ ಎಷ್ಟು ದಿನ ಕೊರಳಲ್ಲಿರುತ್ತದೆ? ಸ್ವಂತದ ಉಪಗ್ರಹಗಳು ಬೇಕೆಂಬ ಮಾತಿಗೆ ಬಲ ಬಂದದ್ದು ಇಂತಹ ಅನುಭವಗಳಿಂದ. 1982ರಲ್ಲಿ ಮೇಲೇರಿದ ಇನ್ಸಾಟ್-1ಎ ಕೆಲವೇ ತಿಂಗಳುಗಳಲ್ಲಿ ಕೆಟ್ಟಿತು. 1983ರ ಇನ್ಸಾಟ್-1ಬಿ ಬಾಳಿತು. ಅವುಗಳ ಲಗಾಮು ಹಿಡಿಯುವ ಕೇಂದ್ರ ನಮ್ಮ ಹಾಸನದಲ್ಲಿ ನೆಲೆಗೊಂಡಿತು. ಈ ಉಪಗ್ರಹಗಳಿಗೆ ಮಾತು ಸಾಗಿಸುವ ಶಕ್ತಿಯ ಜೊತೆಗೆ ಮೋಡಗಳನ್ನು ನೋಡುವ ಕಣ್ಣೂ ಇತ್ತು.

ಆ ಕಣ್ಣಿನ ಬೆಲೆ ಏನೆಂಬುದನ್ನು ಬಂಗಾಳ ಕೊಲ್ಲಿಯ ತೀರದವರನ್ನು ಕೇಳಬೇಕು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯ ಮೇಲೆ ಚಂಡಮಾರುತ ಬಡಿಯಿತು. ಸಮುದ್ರವೇ ಎದ್ದುಬಂದು ಊರುಗಳನ್ನು ನುಂಗಿತು. ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಇನ್ಸಾಟಿನ ಕಣ್ಣು ತೆರೆದ ಮೇಲೆ, 1990ರ ಮೇ ತಿಂಗಳಲ್ಲಿ, ಅದೇ ಆಂಧ್ರದ ಕರಾವಳಿಗೆ ಮತ್ತೊಂದು ಘೋರ ಚಂಡಮಾರುತ ಬಂದಿತು. ಕೊಲ್ಲಿಯ ಮೇಲೆ ಅದು ಸುತ್ತುತ್ತಿದ್ದಾಗಲೇ ಅದರ ದಾರಿಯನ್ನು ನೋಡಲಾಗಿತ್ತು. ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸತ್ತವರ ಸಂಖ್ಯೆ ಸಾವಿರವನ್ನು ಮುಟ್ಟಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಕಥೆ ಬಹಳ ಚೆನ್ನಾಗಿರುತ್ತದೆ. ಆದರೆ 1999ರ ಅಕ್ಟೋಬರ್ 29ರಂದು ಒಡಿಶಾವನ್ನು ಮಹಾ ಚಂಡಮಾರುತ ಅಪ್ಪಳಿಸಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಉಪಗ್ರಹ ಆಗ ಇರಲಿಲ್ಲವೇ? ಇತ್ತು. ಮೋಡದ ಆ ಸುಳಿಯನ್ನು ಅದು ಕಂಡಿತ್ತು. ಕಂಡದ್ದನ್ನು ಕೇಳಿ ಓಡುವುದಕ್ಕೆ ಸಾಕಷ್ಟು ಆಶ್ರಯದ ಕಟ್ಟಡಗಳು ಇರಲಿಲ್ಲ, ದಾರಿ ಇರಲಿಲ್ಲ, ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಕರೆದೊಯ್ಯುವ ಏರ್ಪಾಡು ಇರಲಿಲ್ಲ. ಕಣ್ಣು ಕಂಡರೂ ಕಾಲು ಏಳದಿದ್ದರೆ ಏನು ಪ್ರಯೋಜನ? ಒಡಿಶಾ ಪಾಠ ಕಲಿಯಿತು. ತೀರದುದ್ದಕ್ಕೂ ಆಶ್ರಯಗಳನ್ನು ಕಟ್ಟಿತು, ಊರೂರಿನ ಜನರಿಗೆ ತರಬೇತಿ ಕೊಟ್ಟಿತು. 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಎಂಬ ಚಂಡಮಾರುತ ಬರುವ ಮೊದಲು ಸುಮಾರು ಹತ್ತು ಲಕ್ಷ ಜನರನ್ನು ತೀರದಿಂದ ಸರಿಸಲಾಯಿತು. ಸತ್ತವರು ಐವತ್ತರ ಆಸುಪಾಸು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ನೋಡಿ. ಅದರಲ್ಲಿ ಉಪಗ್ರಹದ ಪಾಲೆಷ್ಟು, ಸಿಮೆಂಟಿನ ಆಶ್ರಯದ ಪಾಲೆಷ್ಟು, ಮಳೆಯಲ್ಲಿ ನೆನೆಯುತ್ತ ಬಾಗಿಲು ತಟ್ಟಿದ ಯುವಕನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಬಾಹ್ಯಾಕಾಶಕ್ಕೆ ಸುರಿದ ಹಣ ತಾನೊಂದೇ ಎಂದೂ ಫಲ ಕೊಡುವುದಿಲ್ಲ. ನೆಲದ ಮೇಲೆಯೂ ಅಷ್ಟೇ ಶ್ರದ್ಧೆಯಿಂದ ಕೆಲಸವಾದಾಗ ಮಾತ್ರ ಕೊಡುತ್ತದೆ.

ಕೋಲಾರದ ಅಜ್ಜಿಯ ಪ್ರಶ್ನೆಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ವಾಸ್ತವವಾಗಿ ಬಾಹ್ಯಾಕಾಶದವರು ನೆಲದ ನೀರನ್ನೂ ಹುಡುಕಿದ್ದಾರೆ. 1988ರಲ್ಲಿ ಐ.ಆರ್.ಎಸ್.-1ಎ ಎಂಬ ಉಪಗ್ರಹದಿಂದ ಆರಂಭವಾದ ಒಂದು ಮಾಲೆ ನಮ್ಮ ನೆಲವನ್ನು ಮೇಲಿನಿಂದ ಚಿತ್ರಿಸುತ್ತ ಬಂದಿದೆ. ಮಣ್ಣಿನಡಿಯ ನೀರು ಆ ಕಣ್ಣಿಗೆ ನೇರವಾಗಿ ಕಾಣದು. ಆದರೆ ಬಂಡೆಯ ಜಾತಿ ಯಾವುದು, ಬಿರುಕುಗಳು ಯಾವ ಕಡೆಗೆ ಓಡಿವೆ, ಹಳೆಯ ಹಳ್ಳದ ಪಾತ್ರ ಎಲ್ಲಿ ಮುಚ್ಚಿಹೋಗಿದೆ, ಸುತ್ತೆಲ್ಲ ಒಣಗಿದ್ದರೂ ಯಾವ ಪಟ್ಟಿಯಲ್ಲಿ ಹಸಿರು ಉಳಿದಿದೆ ಎಂಬುದು ಕಾಣುತ್ತದೆ. ಈ ಗುರುತುಗಳನ್ನು ಓದಿ, ಕುಡಿಯುವ ನೀರಿನ ಯೋಜನೆಗಾಗಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಅಂತರ್ಜಲದ ನಕ್ಷೆಗಳನ್ನು ಹೈದರಾಬಾದಿನ ದೂರಸಂವೇದಿ ಕೇಂದ್ರದವರು ತಯಾರಿಸಿದರು. ಎಲ್ಲಿ ಕೊರೆದರೆ ನೀರು ಸಿಕ್ಕೀತು ಎಂಬುದನ್ನು ಅವು ತಿಳಿಸುತ್ತವೆ. ಮಳೆಯ ನೀರನ್ನು ಎಲ್ಲಿ ಇಂಗಿಸಬೇಕೆಂಬುದನ್ನೂ ತಿಳಿಸುತ್ತವೆ. ಎಷ್ಟು ಕೊರೆಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ತಿಳಿಸಲಾರವು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ದಾಟಿ ಇಳಿದವು. ಕೆರೆಗಳಲ್ಲಿ ಹೂಳು ತುಂಬಿತು. ಅಜ್ಜಿಯ ಬೋರಿನ ನೀರು ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಆಕಾಶದಲ್ಲಿಲ್ಲ. ನಮ್ಮ ನಮ್ಮ ಹೊಲಗಳಲ್ಲೇ ಇದೆ. ಚಂದ್ರಯಾನವನ್ನು ನಿಲ್ಲಿಸಿದ್ದರೆ ಆ ಕೊಡ ತುಂಬುತ್ತಿತ್ತೆಂದು ನಾನು ನಂಬಲಾರೆ. ಹಾಗೆಂದು ಚಂದ್ರಯಾನವಾದರೂ ಅದನ್ನು ತುಂಬಿಲ್ಲ.

ಹಾಗಾದರೆ ಚಂದ್ರಯಾನದಿಂದ ಬಂದದ್ದೇನು? ಹೊಟ್ಟೆಗೆ ಬರುವಂಥದ್ದು ಏನೂ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಿಬಿಡಬೇಕು. 2008ರಲ್ಲಿ ಹೊರಟ ಚಂದ್ರಯಾನ-1 ತನ್ನೊಡನೆ ಒಯ್ದಿದ್ದ ಅಮೆರಿಕದ ಉಪಕರಣವೊಂದು ಒಣಭೂಮಿಯೆಂದು ತಿಳಿದಿದ್ದ ಚಂದ್ರನ ನೆಲದಲ್ಲಿ ನೀರಿನ ಅಂಶದ ಗುರುತನ್ನು ಕಂಡಿತು. 2019ರಲ್ಲಿ ಚಂದ್ರಯಾನ-2ರ ನೌಕೆ ನೆಲಕ್ಕೆ ಎರಡು ಕಿಲೋಮೀಟರಿನಷ್ಟು ಎತ್ತರದಲ್ಲಿದ್ದಾಗ ಸಂಪರ್ಕ ತಪ್ಪಿ ಬಿದ್ದು ಒಡೆಯಿತು. ಬಿದ್ದದ್ದೇಕೆಂದು ಹುಡುಕಿ, ಕಾಲುಗಳನ್ನು ಬಲಪಡಿಸಿ, ಇಂಧನವನ್ನು ಹೆಚ್ಚಿಸಿ, ಇಳಿಯುವ ಜಾಗವನ್ನು ಹಿಗ್ಗಿಸಿ ನಾಲ್ಕು ವರ್ಷಗಳಲ್ಲಿ ಮತ್ತೊಂದನ್ನು ಇಳಿಸಿದರು. ಇಂತಹ ಕಷ್ಟದ ಕೆಲಸ ಎದುರಿಗಿಲ್ಲದಿದ್ದರೆ ಮೋಡ ನೋಡುವ ಉಪಗ್ರಹವನ್ನು ಕಟ್ಟಲೂ ಜಾಣರು ಉಳಿಯುವುದಿಲ್ಲವೆಂಬುದು ನನ್ನ ಎಣಿಕೆ. ಪ್ರೊ. ರಾವ್ ಅವರ ಅದಮಾರಿಗೆ ಬಹು ದೂರವಲ್ಲದ ಶಂಕರಪುರದಲ್ಲಿ ಮನೆಮನೆಯ ಅಂಗಳದಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಜುಟ್ಟಿಗೆ ಮುಡಿಯುವ ಆ ಹೂವೇ ಎಷ್ಟೋ ಸಂಸಾರಗಳ ಹೊಟ್ಟೆ ಹೊರೆಯುತ್ತದೆ. ಗಾದೆ ಕಟ್ಟಿದವರು ಮುಡಿಯುವವರನ್ನು ನೋಡಿದರು, ಬೆಳೆಯುವವರನ್ನು ನೋಡಲಿಲ್ಲ.

ಹಣದ ಮಾತಾಯಿತು. ಅದಕ್ಕಿಂತ ಕಠಿಣವಾದದ್ದು ಪ್ರಾಣದ ಮಾತು. ಕಳೆದ ಹಣವನ್ನು ಮತ್ತೆ ಗಳಿಸಬಹುದು.

1986ರ ಜನವರಿ 28ರಂದು ಅಮೆರಿಕದ ‘ಚಾಲೆಂಜರ್’ ನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಅವರಲ್ಲೊಬ್ಬರು ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿ. ಹನ್ನೊಂದು ಸಾವಿರಕ್ಕೂ ಹೆಚ್ಚು ಶಿಕ್ಷಕರ ನಡುವೆ ಆಯ್ಕೆಯಾಗಿ, ಬಾಹ್ಯಾಕಾಶದಿಂದ ಮಕ್ಕಳಿಗೆ ಪಾಠ ಹೇಳಲು ಹೊರಟವರು. ಆ ದೇಶದ ಅಸಂಖ್ಯಾತ ಮಕ್ಕಳು ತರಗತಿಗಳಲ್ಲಿ ಕುಳಿತು ಅದನ್ನು ನೋಡುತ್ತಿದ್ದರು. ಹಿಂದಿನ ರಾತ್ರಿ ಅಲ್ಲಿ ಕೊರೆಯುವ ಚಳಿ ಬಿದ್ದಿತ್ತು. ರಾಕೆಟ್ಟಿನ ಭಾಗಗಳ ಸಂದುಗಳನ್ನು ಬಿಗಿಯುವ ರಬ್ಬರಿನ ಉಂಗುರಗಳು ಚಳಿಗೆ ಬಿರುಸಾಗುತ್ತವೆ, ಉಡಾವಣೆಯನ್ನು ಮುಂದೂಡಿ ಎಂದು ಅದನ್ನು ತಯಾರಿಸಿದ ಕಂಪನಿಯ ಇಂಜಿನಿಯರುಗಳು ಆ ರಾತ್ರಿಯೇ ವಾದಿಸಿದ್ದರು. ಅವರ ಮಾತನ್ನು ಮೇಲಿನವರು ತಳ್ಳಿಹಾಕಿದರು. ಮುಂದೆ ವಿಚಾರಣೆ ನಡೆದಾಗ ರಿಚರ್ಡ್ ಫೈನ್‌ಮನ್ ಎಂಬ ಭೌತವಿಜ್ಞಾನಿ ಆ ರಬ್ಬರಿನ ಒಂದು ತುಂಡನ್ನು ಹಿಮದ ನೀರಿನ ಲೋಟದಲ್ಲಿ ಅದ್ದಿ, ಅದು ತನ್ನ ಪುಟಿತವನ್ನು ಕಳೆದುಕೊಳ್ಳುವುದನ್ನು ಎಲ್ಲರ ಎದುರಿಗೆ ತೋರಿಸಿದರು. ಅವರು ಇನ್ನೊಂದನ್ನೂ ಕಂಡುಹಿಡಿದರು. ಅಪಘಾತದ ಸಂಭವ ಲಕ್ಷಕ್ಕೆ ಒಂದು ಎಂದು ಆಡಳಿತದವರು ಹೇಳುತ್ತಿದ್ದರು. ಕೈಯಾರೆ ಕೆಲಸ ಮಾಡುತ್ತಿದ್ದ ಇಂಜಿನಿಯರುಗಳ ಅಂದಾಜು ನೂರಕ್ಕೆ ಒಂದರ ಹತ್ತಿರವಿತ್ತು. 2011ರಲ್ಲಿ ಆ ನೌಕೆಗಳನ್ನು ನಿಲ್ಲಿಸುವ ಹೊತ್ತಿಗೆ ಅವು 135 ಸಲ ಹಾರಿದ್ದವು. ಎರಡು ಸಲ ನಾಶವಾಗಿ 14 ಜನರನ್ನು ಬಲಿ ತೆಗೆದುಕೊಂಡಿದ್ದವು. ಯಾರ ಅಂದಾಜು ನಿಜವಾಯಿತೆಂದು ನೀವೇ ಲೆಕ್ಕ ಹಾಕಬಹುದು.

ಎರಡನೆಯ ನೌಕೆ ‘ಕೊಲಂಬಿಯಾ’. ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅದರಲ್ಲಿದ್ದರು. 2003ರ ಜನವರಿ 16ರಂದು ಮೇಲೇರುವಾಗಲೇ ಇಂಧನದ ತೊಟ್ಟಿಗೆ ಹೊದಿಸಿದ್ದ ಹಗುರವಾದ ನೊರೆಯ ತುಂಡೊಂದು ಕಳಚಿ ಅದರ ರೆಕ್ಕೆಗೆ ಬಡಿದಿತ್ತು. ಹಾನಿಯನ್ನು ನೋಡಲು ಚಿತ್ರಗಳನ್ನು ತೆಗೆಸಿ ಎಂದು ಕೆಲವು ಇಂಜಿನಿಯರುಗಳು ಕೇಳಿದರು. ಚಿತ್ರಗಳನ್ನು ತೆಗೆಸಲಿಲ್ಲ. ಫೆಬ್ರವರಿ 1ರಂದು, ನೆಲ ಮುಟ್ಟಲು ಇನ್ನು ಹದಿನಾರು ನಿಮಿಷಗಳಿವೆ ಎನ್ನುವಾಗ, ನೌಕೆ ಉರಿದು ಚೂರಾಯಿತು. ಮೋಡಗಳನ್ನು ನೋಡಲೆಂದು ಹಿಂದಿನ ವರ್ಷ ಭಾರತ ಹಾರಿಸಿದ್ದ ಹವಾಮಾನದ ಉಪಗ್ರಹಕ್ಕೆ ‘ಕಲ್ಪನಾ-1’ ಎಂದು ಆಕೆಯ ಹೆಸರನ್ನು ಇಟ್ಟರು.

ಅಪಾಯವನ್ನು ಅರಿತು, ಒಪ್ಪಿ ಹೊರಡುವವರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಹಿಮಾಲಯವನ್ನು ಏರುವವರೂ ಕಡಲನ್ನು ದಾಟಿದವರೂ ಹಾಗೆಯೇ ಹೊರಟವರು. ಆದರೆ ಅಪಾಯ ಎಷ್ಟೆಂಬ ನಿಜವನ್ನು ಅವರಿಂದ ಮರೆಮಾಡಿ ಕಳುಹಿಸುವುದು ಬೇರೆಯೇ ಮಾತು. ನೆಲದ ಮೇಲೆ ಸಾಯುವವರ ವಿಷಯವಂತೂ ಯಾರ ಬಾಯಲ್ಲೂ ಬರುವುದಿಲ್ಲ. 2003ರ ಆಗಸ್ಟ್ 22ರಂದು ಬ್ರೆಜಿಲಿನ ಅಲ್ಕಾಂತರಾ ಕೇಂದ್ರದಲ್ಲಿ ಉಡಾವಣೆಗೆ ಸಿದ್ಧವಾಗುತ್ತಿದ್ದ ರಾಕೆಟ್ಟು ಹೊತ್ತಿಕೊಂಡು 21 ಜನ ಸತ್ತರು. 2004ರ ಫೆಬ್ರವರಿ 23ರಂದು ನಮ್ಮ ಶ್ರೀಹರಿಕೋಟೆಯಲ್ಲಿಯೇ ಘನ ಇಂಧನದ ಕೆಲಸ ನಡೆದಿದ್ದಾಗ ಬೆಂಕಿ ಎದ್ದು ಆರು ಮಂದಿ ಪ್ರಾಣ ಕಳೆದುಕೊಂಡರು. ಅವರ ಹೆಸರನ್ನು ಹೊತ್ತ ಉಪಗ್ರಹ ಯಾವುದೂ ಇಲ್ಲ. ಬಾಹ್ಯಾಕಾಶದ ಬೆಲೆಯನ್ನು ಎಣಿಸುವಾಗ ತುಂಬಾದ ಮೀನುಗಾರರನ್ನೂ ಈ ಆರು ಮಂದಿಯನ್ನೂ ಬಿಟ್ಟು ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಮನುಷ್ಯರನ್ನು ನಮ್ಮದೇ ರಾಕೆಟ್ಟಿನಲ್ಲಿ ಕಳುಹಿಸುವ ‘ಗಗನಯಾನ’ ಯೋಜನೆಗೆ 2018ರಲ್ಲಿ ಸರ್ಕಾರ ಒಪ್ಪಿಗೆಯಿತ್ತಿತು. 2024ರಲ್ಲಿ ಅದನ್ನು ಹಿಗ್ಗಿಸಿ ಒಟ್ಟು ವೆಚ್ಚವನ್ನು 20,000 ಕೋಟಿ ರೂಪಾಯಿಗಳಿಗೂ ಮೇಲಕ್ಕೆ ನಿಗದಿಪಡಿಸಲಾಯಿತು. ಮೂವತ್ತು ಚಂದ್ರಯಾನಗಳಿಗೆ ಸಾಕಾಗುವಷ್ಟು ಹಣ ಅದು. ಮೋಡ ನೋಡುವ, ಮೀನಿನ ಸುಳಿವು ಕೊಡುವ, ನೀರಿನ ಜಾಡು ಹೇಳುವ ಉಪಗ್ರಹಗಳ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಇದಕ್ಕೆ ಮಾತ್ರ ನನ್ನ ಮನಸ್ಸು ಪೂರ್ತಿಯಾಗಿ ಒಪ್ಪಿಲ್ಲ. ಯಂತ್ರ ಮಾಡಬಲ್ಲ ಕೆಲಸಕ್ಕೆ ಮನುಷ್ಯನನ್ನು ಏಕೆ ಒಡ್ಡಬೇಕೆಂದು ಒಮ್ಮೆ ಅನ್ನಿಸುತ್ತದೆ. 1984ರಲ್ಲಿ ರಾಕೇಶ್ ಶರ್ಮಾ ಸೋವಿಯತ್ ನೌಕೆಯಲ್ಲಿ, 2025ರಲ್ಲಿ ಶುಭಾಂಶು ಶುಕ್ಲಾ ಅಮೆರಿಕದ ನೌಕೆಯಲ್ಲಿ ಹೋಗಿಬಂದದ್ದನ್ನು ನೆನೆದಾಗ, ಎರವಿನ ಉಪಗ್ರಹದ ಕಥೆ ಜ್ಞಾಪಕಕ್ಕೆ ಬಂದು ಇನ್ನೊಂದು ಬಗೆಯಾಗಿಯೂ ಅನ್ನಿಸುತ್ತದೆ. ನಿಮ್ಮಲ್ಲಿ ಕೆಲವರು ನನ್ನೊಡನೆ ಜಗಳವಾಡಬಹುದು; ಆಡಬೇಕು ಕೂಡ.

ಒಂದನ್ನು ಮಾತ್ರ ನಾನು ಸಮಾಧಾನದಿಂದ ನೆನೆಯುತ್ತೇನೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟೆಯಲ್ಲಿ ಗಗನಯಾನದ ಒಂದು ಪರೀಕ್ಷೆ ನಡೆಯಿತು. ಮೇಲೇರುವಾಗ ಅಪಾಯ ಬಂದರೆ ಗಗನಯಾತ್ರಿಗಳಿರುವ ಕೋಶವನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ಯಬೇಕಾದ ಏರ್ಪಾಡಿನ ಪರೀಕ್ಷೆ ಅದು. ಕೋಶದಲ್ಲಿ ಯಾರೂ ಇರಲಿಲ್ಲ. ಹವೆ ಸರಿಯಿಲ್ಲದೆ ಹೊತ್ತು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಹೋಗಿತ್ತು. ಇಡೀ ದೇಶ ದೂರದರ್ಶನದ ಮುಂದೆ ಕುಳಿತಿತ್ತು. ಎಣಿಕೆ ಐದು ಸೆಕೆಂಡಿಗೆ ಬಂದಾಗ, ಎಂಜಿನ್ ಸರಿಯಾಗಿ ಹೊತ್ತಿಕೊಂಡಿಲ್ಲವೆಂದು ಗಣಕಯಂತ್ರ ಎಲ್ಲವನ್ನೂ ತಡೆದು ನಿಲ್ಲಿಸಿತು. ಯಾರೂ ಅದನ್ನು ಮುಚ್ಚಿಡಲಿಲ್ಲ. ನೋಡುತ್ತಿದ್ದವರಿಗೆಲ್ಲ ಅಲ್ಲಿಯೇ ತಿಳಿಸಿದರು. ವಿಜ್ಞಾನಿಗಳು ದೋಷವನ್ನು ಹುಡುಕಿ ಸರಿಪಡಿಸಿ ಹತ್ತು ಗಂಟೆಗೆ ಮತ್ತೆ ಹಾರಿಸಿದರು. ಕೋಶ ರಾಕೆಟ್ಟಿನಿಂದ ಬೇರ್ಪಟ್ಟು, ಛತ್ರಿಗಳನ್ನು ಬಿಚ್ಚಿ, ಬಂಗಾಳ ಕೊಲ್ಲಿಯ ನೀರಿಗೆ ಇಳಿಯಿತು. ನೌಕಾಪಡೆಯವರು ಅದನ್ನು ಎತ್ತಿ ತಂದರು.